ಪದಚರ್ಚೆ: ಆಹಾರದ ‘ಐಸೋಟೋಪ್ ಬೆರಳಚ್ಚು’ ಎನ್ನಬಹುದೇ?

ನಮಸ್ಕಾರ. ಕಾಫಿ, ಜೇನು, ವೈನ್ ಯಾವ ಸೀಮೆಯವು ಎಂದು ಐಸೋಟೋಪ್ ಅಳೆದು ಪತ್ತೆ ಹಚ್ಚುವ ವಿಧಾನದ ಬಗ್ಗೆ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಐಸೋಟೋಪ್‌ಗೆ ಪಠ್ಯಪುಸ್ತಕದಂತೆ ‘ಸಮಸ್ಥಾನಿ’ ಎಂದು ಬರೆದರೆ ಓದುಗರು ‘ಒಂದೇ ಊರಿನದು’ ಅಂದುಕೊಳ್ಳುವುದಿಲ್ಲವೇ? ಫಿಂಗರ್‌ಪ್ರಿಂಟ್‌ಗೆ ‘ಬೆರಳಚ್ಚು’ ಸರಿಯೇ? ಫ್ರ್ಯಾಕ್ಷನೇಷನ್‌ಗೆ (ಭಾರದ, ಹಗುರದ ಐಸೋಟೋಪ್‌ಗಳು ತುಸು ಬೇರ್ಪಡುವುದಕ್ಕೆ) ಸದ್ಯಕ್ಕೆ ‘ಭಿನ್ನೀಕರಣ’ ಅಂತ ಹಾಕಿದೆ. ‘ಮೈನಸ್ 25 ಪರ್ ಮಿಲ್’ ಎಂಬುದನ್ನಂತೂ ಹೇಗೆ ಬರೆಯುವುದೋ ತಿಳಿಯದು.

— — —

‘ಸಮಸ್ಥಾನಿ’ಯಲ್ಲಿರುವ ಸ್ಥಾನ ಭೂಪಟದ್ದಲ್ಲ, ಆವರ್ತ ಕೋಷ್ಟಕದ್ದು. ವೈದ್ಯೆ ಮಾರ್ಗರೆಟ್ ಟಾಡ್ ಸೂಚಿಸಿ, 1913ರಲ್ಲಿ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಸಾಡಿ ಬಳಕೆಗೆ ತಂದ ‘ಐಸೋಟೋಪ್’ ಪದದ ಅನುವಾದ ಅದು: ತೂಕ ಬೇರೆಯಾದರೂ ಕೋಷ್ಟಕದ ಒಂದೇ ಮನೆಯಲ್ಲಿ ಕೂರುವ ಪರಮಾಣುಗಳು. ಪಠ್ಯಪುಸ್ತಕದಲ್ಲಿ ತೊಂದರೆಯಿಲ್ಲ, ಊರು ಹುಡುಕುವ ಲೇಖನದಲ್ಲಿ ಮಾತ್ರ ದಾರಿ ತಪ್ಪಿಸುತ್ತದೆ. ‘ಐಸೋಟೋಪ್’ ಎಂದೇ ಇಡಿ, ಒಮ್ಮೆ ‘ಸಮಸ್ಥಾನಿ’ಯನ್ನು ಪರಿಚಯಿಸಿದರೆ ಸಾಕು.

‘ಬೆರಳಚ್ಚು’ ಬೇಡ. ಬೆರಳಚ್ಚುಗಾರ ಎಂದರೆ ಕಚೇರಿ ಕನ್ನಡದಲ್ಲಿ ಟೈಪಿಸ್ಟ್. ಅದಕ್ಕಿಂತ ದೊಡ್ಡ ತಕರಾರು ಅರ್ಥದ್ದು. ಒಬ್ಬರ ಬೆರಳ ಗುರುತು ಇನ್ನೊಬ್ಬರದಕ್ಕೆ ಹೊಂದದು. ಐಸೋಟೋಪ್ ಮೌಲ್ಯ ಹಾಗಲ್ಲ. ಮಳೆ, ಎತ್ತರ, ಕಲ್ಲಿನ ಜಾತಿ ಹೋಲುವ ಎರಡು ದೂರದ ಸೀಮೆಗಳಲ್ಲಿ ಒಂದೇ ಅಂಕಿ ಬರಬಹುದು. ಆದ್ದರಿಂದ ಎಚ್ಚರದ ವರದಿ ‘ಇದು ಕೊಡಗಿನ ಕಾಫಿ’ ಎನ್ನುವುದಿಲ್ಲ, ‘ಕೊಡಗಿನ ಮಾದರಿಗಳ ವ್ಯಾಪ್ತಿಗೆ ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ’ ಎನ್ನುತ್ತದೆ. ಇವೆರಡರಲ್ಲಿ ‘ಹೊಂದುವುದಿಲ್ಲ’ ಎಂಬುದೇ ಗಟ್ಟಿ ಮಾತು. ‘ಹೊಂದುತ್ತದೆ’ಯನ್ನು ‘ಸಾಬೀತಾಗಿದೆ’ ಮಾಡಬೇಡಿ. ‘ಐಸೋಟೋಪ್ ಗುರುತು’ ಎನ್ನಿ. ಹುಡುಕುವ ಕೆಲಸಕ್ಕೆ ‘ಜಾಡು’ ಇದ್ದೇ ಇದೆ.

‘ಭಿನ್ನೀಕರಣ’ ಕೇಳಿದರೆ ಭಿನ್ನರಾಶಿ ನೆನಪಾಗುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನೆನೆಸಿಕೊಳ್ಳಿ: ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಕಡಲಿಂದ ಬಂದ ಮೋಡವೂ ಭಾರದ ಐಸೋಟೋಪ್ ಆದ ಆಮ್ಲಜನಕ-18 ಇರುವ ನೀರನ್ನು ಮೊದಲು ಹೆಚ್ಚಾಗಿ ಉದುರಿಸುತ್ತದೆ. ಒಳನಾಡಿಗೆ, ಎತ್ತರಕ್ಕೆ ಹೋದಷ್ಟೂ ಮಳೆ ಹಗುರ. ಆದರೆ ಕಣದಲ್ಲಿ ಕಾಳು, ಹೊಟ್ಟು ಪೂರ್ತಿ ಬೇರಾಗುತ್ತವೆ, ಇಲ್ಲಿನ ವ್ಯತ್ಯಾಸ ಸಾವಿರದಲ್ಲಿ ಕೆಲವೇ ಪಾಲು. ಹಾಗಾಗಿ ತೂರುವುದು ಹೋಲಿಕೆಯಾಗಿ ಇರಲಿ, ಪದಕ್ಕೆ ‘ವಿಂಗಡಿಕೆ’ ಸಾಕು. ಎಲೆಯಲ್ಲಿ ನಡೆಯುವುದು ತಿರುಗುಮುರುಗು: ಹಗುರ ನೀರು ಬೇಗ ಆವಿಯಾಗಿ, ದ್ರಾಕ್ಷಿರಸ ಅಲ್ಲಿನ ಮಳೆಗಿಂತ ಭಾರವಾಗುತ್ತದೆ. ವೈನಿಗೆ ನಲ್ಲಿನೀರು ಬೆರೆಸಿದರೆ ಸಿಕ್ಕಿಬೀಳುವುದು ಇದರಿಂದಲೇ. ಇಲ್ಲಿ ‘ಭಾರಜಲ’ ಎಂದು ಮಾತ್ರ ಬರೆಯಬೇಡಿ, ಅದು ಅಣುಸ್ಥಾವರದ ಸರಕು. ಮಳೆ ವರ್ಷದಿಂದ ವರ್ಷಕ್ಕೆ ಬೇರೆಯಾದ್ದರಿಂದ ಹೋಲಿಸುವ ಮಾದರಿಯೂ ಅದೇ ವರ್ಷದ ಫಸಲಿನದಾಗಬೇಕು. ಐರೋಪ್ಯ ಒಕ್ಕೂಟ 1991ರಲ್ಲಿ ಕಟ್ಟಿದ ವೈನ್ ದತ್ತಕೋಶಕ್ಕೆ ಪ್ರತಿ ವರ್ಷ ಹೊಸ ಮಾದರಿ ಸೇರುವುದು ಅದಕ್ಕೇ.

‘ಪರ್ ಮಿಲ್’ ಅನ್ನು ‘ಸಾವಿರಕ್ಕೆ’ ಎನ್ನಿ. ‘ಶೇಕಡಾ’ ಎಂದು ಅಚ್ಚಾದರೆ ಹತ್ತುಪಟ್ಟು ತಪ್ಪು. ಮಾದರಿಯಲ್ಲಿ ಭಾರದ ಐಸೋಟೋಪಿಗೂ ಹಗುರದ್ದಕ್ಕೂ ಇರುವ ಅನುಪಾತವನ್ನು ಮಾನಕದ (ಹೋಲಿಕೆಗೆ ಒಪ್ಪಿಕೊಂಡ ವಸ್ತುವಿನ) ಅನುಪಾತದಿಂದ ಭಾಗಿಸಿ, 1 ಕಳೆದು, 1000ದಿಂದ ಗುಣಿಸಿದ್ದೇ ಡೆಲ್ಟಾ. ಇಂಗಾಲದ ಮಾನಕದಲ್ಲಿ ಇಂಗಾಲ-13ಕ್ಕೂ ಇಂಗಾಲ-12ಕ್ಕೂ ಇರುವ ಅನುಪಾತ ಸುಮಾರು 0.01118, ಜೇನಿನಲ್ಲಿ 0.01090 ಬಂದರೆ ಡೆಲ್ಟಾ ಮೈನಸ್ 25. ಅಂದರೆ ‘ಮಾನಕಕ್ಕಿಂತ ಸಾವಿರಕ್ಕೆ 25ರಷ್ಟು ಕಡಿಮೆ’. ಯಾವ ಮಾನಕ ಎಂಬುದನ್ನು ಬಿಡಬೇಡಿ: ನೀರಿಗೆ ‘ವಿಯೆನ್ನಾ ಸಾಗರಜಲ’ ಎಂಬ ಹೆಸರಿನ ಮಾನಕ, ಸಾರಜನಕಕ್ಕೆ ಗಾಳಿ, ಹೀಗೆ.

— — —

ಮೇಲಿನವರ ಮಾತಿಗೆ ಸೇರಿಸುವುದಿಷ್ಟು: ‘ಮೂಲ’ ಎಂಬ ಪದವನ್ನೂ ನೋಡಿಕೊಳ್ಳಿ. ಜೇನಿನ ಇಂಗಾಲ ಪರೀಕ್ಷೆ ಊರನ್ನು ಹೇಳುವುದಿಲ್ಲ, ಗಿಡವನ್ನು ಹೇಳುತ್ತದೆ. ಕಬ್ಬು, ಮುಸುಕಿನ ಜೋಳದ ಸಕ್ಕರೆ ಮೈನಸ್ 11ರ ಆಸುಪಾಸು, ಹಾಗಾಗಿ ಬೆರಕೆ ಕಾಣುತ್ತದೆ. ಅಕ್ಕಿಯ ಸಿರಪ್ ಬೆರೆಸಿದರೆ ಕಾಣದು. ಇಂಗಾಲದ ಲೆಕ್ಕದಲ್ಲಿ ಭತ್ತವೂ ಜೇನು ಕೊಡುವ ಹೆಚ್ಚಿನ ಹೂಗಿಡಗಳ ಗುಂಪಿನದೇ, ಮೈನಸ್ 25ರ ಆಸುಪಾಸಿನದು. ‘ಸಸ್ಯಮೂಲ’, ‘ಬೆಳೆದ ಸೀಮೆ’ ಎಂದು ಬೇರೆ ಬೇರೆ ಬರೆಯಿರಿ.

ನೆಲದ ಗುರುತಿಗೆ ಸ್ಟ್ರಾನ್ಷಿಯಂ ಎಂಬ ಧಾತುವಿನ 87, 86 ಐಸೋಟೋಪ್‌ಗಳ ಅನುಪಾತ ನೋಡುತ್ತಾರೆ. ಹಳೆಯ ಗ್ರಾನೈಟ್, ನೈಸ್ ಶಿಲೆಗಳ ಮೇಲೆ ಅದು ಹೆಚ್ಚು. ವಿಜಯಪುರದ ಎರೆಮಣ್ಣಿನ ಕೆಳಗಿರುವಂಥ ಬಸಾಲ್ಟ್‌ನಲ್ಲಿ ಸಾಮಾನ್ಯವಾಗಿ ಕಡಿಮೆ. ಆದರೆ ಹುಳಿಮಣ್ಣಿನ ಕಾಫಿ ತೋಟಕ್ಕೆ ಹೊರಗಿನ ಸುಣ್ಣ ಹಾಕಿದ್ದರೆ ಅದರ ಸ್ಟ್ರಾನ್ಷಿಯಂ ಸೇರಿ ಅಂಕಿ ಜರುಗುತ್ತದೆ.

ಚೀಸಿನ ಪರೀಕ್ಷೆಯಲ್ಲಿ ಬರುವ ‘ಡಿಫ್ಯಾಟೆಡ್’ ಅನ್ನು ‘ಕೊಬ್ಬುರಹಿತ’ ಮಾಡಿದರೆ ಡಯಟ್ ಬಿಸ್ಕತ್ತಿನ ಜಾಹೀರಾತಿನಂತೆ ಓದಿಸಿಕೊಳ್ಳುತ್ತದೆ. ‘ಕೊಬ್ಬು ತೆಗೆದ’ ಎಂದು ಬರೆಯಿರಿ. ಕೊಬ್ಬಿನಲ್ಲಿ ಇಂಗಾಲ-13 ಕಡಿಮೆ. ತೆಗೆಯದೆ ಅಳೆದರೆ, ಕೊಬ್ಬಿನ ಪಾಲು ಬೇರೆಯಾದ ಒಂದೇ ಡೈರಿಯ ಎರಡು ಚೀಸಿಗೆ ಬೇರೆ ಬೇರೆ ಅಂಕಿ ಬಂದೀತು.