ಸಂಡೇ ಸ್ಕೂಲಿಗೆ ಮಕ್ಕಳಿದ್ದಾರೆ, ಟೀಚರುಗಳು ನಿಲ್ಲುತ್ತಿಲ್ಲ. ಏನು ಮಾಡಲಿ?

ಟೇಲರಕ್ಕ, ಕಾರವಾರ

ಎಲ್ಲರಿಗೂ ವಂದನೆ. ನಾನು ಕಾರವಾರದವಳು. ಕೋಡಿಬಾಗ ಕಡೆ ಬ್ಲೌಸ್, ಚೂಡಿದಾರ ಹೊಲಿಯುವ ಚಿಕ್ಕ ಅಂಗಡಿ ಇದೆ. ನಮ್ಮ ಚರ್ಚ್ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲಿನ ಸೂಪರಿಂಟೆಂಡೆಂಟ್ ಕೆಲಸ ಕಳೆದ ಕ್ರಿಸ್‌ಮಸ್ ಆದಮೇಲೆ ನನ್ನ ತಲೆಗೆ ಬಂತು. ಮೊದಲಿದ್ದ ಮಾಸ್ತರರಿಗೆ ಮಂಡಿ ನೋವು. "ಇನ್ನು ಯಾರು ನೋಡಿಕೊಳ್ಳುತ್ತೀರಿ?" ಅಂತ ಕಮಿಟಿ ಮೀಟಿಂಗಿನಲ್ಲಿ ಪಾಸ್ಟರ್ ಅಯ್ಯನವರು ಕೇಳಿದರು. ಎಲ್ಲರೂ ತಿರುಗುವ ಫ್ಯಾನ್ ನೋಡಿದರು. ನಾನು ಅಯ್ಯನವರ ಮುಖ ನೋಡಿದೆ. ಹಾಗೆ ಸಿಕ್ಕಿಬಿದ್ದೆ.

ಮಕ್ಕಳದ್ದು ಏನೂ ತಕರಾರಿಲ್ಲ. ಜೂನ್ ತಿಂಗಳ ಮಳೆಯಲ್ಲೂ ಅರ್ಧ ಮುರಿದ ಕೊಡೆ ಹಿಡಿದುಕೊಂಡು ಬಂದುಬಿಡುತ್ತಾರೆ. ತಕರಾರು ಇರುವುದು ಟೀಚರುಗಳದ್ದು. ಗಿಟಾರ್ ಬಾರಿಸುತ್ತಿದ್ದ ಹುಡುಗ ಗೋವಾದ ಹೋಟೆಲ್ ಕೆಲಸಕ್ಕೆ ಸೇರಿದ. ಹೋಟೆಲಿನವರಿಗೆ ಭಾನುವಾರವೇ ಜಾಸ್ತಿ ಗಿರಾಕಿ, ಅವನಿಗೆ ರಜೆ ಸಿಗುವುದು ಮಂಗಳವಾರ. ಮಂಗಳವಾರ ಸಂಡೇ ಸ್ಕೂಲ್ ಮಾಡಲಿಕ್ಕಾಗುತ್ತಾ? ನರ್ಸ್ ಒಬ್ಬಳಿದ್ದಾಳೆ, ಅವಳ ಡ್ಯೂಟಿ ಶುಕ್ರವಾರದವರೆಗೆ ಗೊತ್ತಾಗುವುದಿಲ್ಲ. ಸೀಬರ್ಡ್ ನೌಕಾನೆಲೆಯ ಕ್ವಾರ್ಟರ್ಸಿನಿಂದ ಇಬ್ಬರು ಅಕ್ಕಂದಿರು ಬರುತ್ತಾರೆ, ಬಂಗಾರದಂಥವರು. ಆದರೆ ಎರಡು ಮೂರು ವರ್ಷಕ್ಕೆ ಯಜಮಾನರಿಗೆ ವರ್ಗ ಆದರೆ ಮುಗಿಯಿತು. ಅದೂ ಅಲ್ಲದೆ ಒಬ್ಬರಿಗೆ ಮಲಯಾಳಂ, ಇನ್ನೊಬ್ಬರಿಗೆ ಹಿಂದಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ.

ಇದೆಲ್ಲ ಇರಲಿ. ನಿಜವಾಗಿ ನೋವಾಗಿದ್ದು ಬೇರೆ. ಪಿಯುಸಿ ಓದುವ ಒಬ್ಬ ಹುಡುಗಿ ಬಿಗಿನರ್ಸ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದಳು. ನನ್ನ ಅಂಗಡಿಯಲ್ಲಿ ಉಳಿದ ನೀಲಿ ಲೈನಿಂಗ್ ಬಟ್ಟೆ ಒಯ್ದು, ಬೈಬಲ್ ಕಥೆಯಲ್ಲಿ ಯೋನನನ್ನು ನುಂಗುವ ದೊಡ್ಡ ಮೀನು ಮಾಡಿದಳು. ಬಾಯಿಗೆ ಜಿಪ್ ಹಚ್ಚಿದ್ದಳು. ಜಿಪ್ ತೆಗೆದರೆ ಒಳಗಿನಿಂದ ಬೆಂಕಿಪೊಟ್ಟಣದಷ್ಟು ಯೋನ ಹೊರಗೆ ಬರುತ್ತಾನೆ. ಬೈತಕೋಲದಿಂದ ಬರುವ ಒಬ್ಬ ಪೋರ, ಅಪ್ಪ ಬೋಟಿಗೆ ಹೋಗುವವನು, ಎದ್ದು ನಿಂತು ಕೇಳಿದ: "ಮಿಸ್, ಇದು ಬಂಗಡೆ ಅಲ್ವಲ್ಲ, ಹಾಗಾದ್ರೆ ಯಾವ ಮೀನು? ಬಲೆಗೆ ಸಿಕ್ಕಿದ್ರೆ ಯೋನನೂ ಸಿಗ್ತಿದ್ದ ಅಲ್ವಾ?" ಇಡೀ ಕ್ಲಾಸ್ ನಕ್ಕಿತು. ಅಷ್ಟರಲ್ಲಿ ಹಿರಿಯರೊಬ್ಬರು ಬಾಗಿಲು ತಳ್ಳಿ "ಒಳಗೆ ಆರಾಧನೆ ನಡೀತಿದೆ, ಇದೇನು ಸಂತೆಯಾ?" ಅಂತ ಮಕ್ಕಳೆದುರೇ ಅವಳಿಗೆ ಗದರಿದರು. ಅವಳು ಮೀನನ್ನು ಮಡಚಿ ಬ್ಯಾಗಿಗೆ ಹಾಕಿದಳು. ಮುಂದಿನ ವಾರದಿಂದ ಪರೀಕ್ಷೆ ಅಂತಿದ್ದಾಳೆ. ಪರೀಕ್ಷೆ ಇನ್ನೂ ದೂರ ಇದೆ, ಅದು ಅವಳಿಗೂ ಗೊತ್ತು ನನಗೂ ಗೊತ್ತು.

ಪ್ರತಿ ಶನಿವಾರ ರಾತ್ರಿ ಫೋನ್ ಹಿಡಿದು "ನಾಳೆ ಬರ್ತೀಯೇನಮ್ಮಾ" ಅಂತ ಗೋಗರೆಯುವುದು ಸಾಕಾಗಿದೆ. ಸಂಬಳ ಕೊಡದ ಕೆಲಸಕ್ಕೆ ಜನರನ್ನು ಹಿಡಿದು ನಿಲ್ಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ಶಿರಸಿ ಟೀಚರ್

ಅಕ್ಕಾ, ಮೊದಲು ಆ ಶನಿವಾರದ ಫೋನ್ ನಿಲ್ಲಿಸಿ. ಶನಿವಾರ ರಾತ್ರಿ ಫೋನ್ ಬಂದರೆ ಯಾರಿಗಾದರೂ "ಇವತ್ತು ಯಾರೂ ಸಿಗಲಿಲ್ಲ, ಅದಕ್ಕೇ ನನ್ನ ನೆನಪಾಗಿದೆ" ಅನಿಸುತ್ತದೆ.

ನಾನು ಇಲ್ಲಿ ಪ್ರೈಮರಿ ಶಾಲೆ ಟೀಚರ್, ಭಾನುವಾರ ನಮ್ಮ ಸಭೆಯ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ನಾವು ಮೂರು ತಿಂಗಳಿಗೆ ಒಂದು ಹಾಳೆ ಬರೆದು ಗೋಡೆಗೆ ಅಂಟಿಸುತ್ತೇವೆ. ಯಾವ ವಾರ ಯಾರು, ಯಾವ ಪಾಠ, ಯಾರು ಬಾರದಿದ್ದರೆ ಯಾರು. ಬರೆಯುವಾಗ ಊರಿನ ಹಂಗಾಮು ನೋಡಬೇಕು. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ಕೂಲಿಗೆ ಹೋಗುವ ಹೆಂಗಸರು ರಾತ್ರಿ ತನಕ ಸುಲಿಯುತ್ತಾರೆ. ಬೆಳಿಗ್ಗೆ ಅವರನ್ನು ಕ್ಲಾಸಿಗೆ ನಿಲ್ಲಿಸಿದರೆ ಅನ್ಯಾಯ. ಅವರ ಹೆಸರು ಆ ತಿಂಗಳುಗಳಲ್ಲಿ ಬರೆಯುವುದೇ ಇಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ಒಂಬತ್ತು ದಿನ ಪೇಟೆ ದಾಟಿ ಬರುವುದೇ ಕಷ್ಟ. ಅದನ್ನೂ ಮೊದಲೇ ಲೆಕ್ಕ ಹಾಕುತ್ತೇವೆ. ಕಾಲೇಜು ಹುಡುಗಿಯರಿಗೆ ಫೆಬ್ರವರಿ, ಮಾರ್ಚ್ ನಾವೇ ರಜೆ ಕೊಡುತ್ತೇವೆ. ಅವರು ಕೇಳುವ ಮೊದಲೇ ಕೊಡಬೇಕು, ಅದರಲ್ಲೇ ಇದೆ ಗುಟ್ಟು. ರಜೆ ತೆಗೆದುಕೊಂಡು ಹೋದವಳು ವಾಪಸ್ ಬರುತ್ತಾಳೆ. ತಪ್ಪಿಸಿಕೊಂಡು ಹೋದವಳು ನಿಮ್ಮನ್ನು ಬಜಾರಿನಲ್ಲಿ ಕಂಡರೂ ಅಂಗಡಿಯೊಳಗೆ ನುಗ್ಗುತ್ತಾಳೆ.

ಇನ್ನೊಂದು, ಎಲ್ಲರೂ ಪಾಠ ಹೇಳಬೇಕು ಅಂತೇನಿಲ್ಲ. ಬೈಬಲ್ಲಿನ ವಿಮೋಚನಕಾಂಡ 18ನೇ ಅಧ್ಯಾಯ ತೆಗೆದು ಓದಿ. ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬನೇ ನ್ಯಾಯ ಹೇಳುತ್ತ ಕೂತ ಮೋಶೆಗೆ ಮಾವ ಇತ್ರೋನನು ಬಂದು ಏನು ಹೇಳಿದ? ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ಹಂಚು ಅಂದ. ನಮ್ಮಲ್ಲಿ ಹಾಜರಿ ಬರೆಯಲು ಒಬ್ಬರು, ತಿಂಡಿಗೆ ಒಬ್ಬರು, ಚಿಕ್ಕವರನ್ನು ಬಾತ್‌ರೂಮಿಗೆ ಕರೆದೊಯ್ಯಲು ಇಬ್ಬರು ಅಜ್ಜಿಯರು. ಹಾಜರಿ ಬರೆಯುವಾಕೆ ಮಾತೇ ಆಡುವುದಿಲ್ಲ. ಆದರೆ ಯಾವ ಮಗು ಎರಡು ವಾರ ಬರಲಿಲ್ಲ ಅಂತ ಅವಳಿಗೇ ಮೊದಲು ಗೊತ್ತಾಗುವುದು.

ಆ ಮೀನಿನ ಹುಡುಗಿ ವಿಷಯ. ಅವಳಿಗೆ ಸಮಾಧಾನ ಹೇಳುವುದು ಆಮೇಲೆ. ಮೊದಲು ಗದರಿದ ಹಿರಿಯರ ಮನೆಗೆ ನೀವು ಹೋಗಬೇಕು. ಚಹಾ ಕುಡಿಯುತ್ತ ಹೇಳಿ: "ಅಣ್ಣಾ, ಗಲಾಟೆ ಆದರೆ ನನ್ನನ್ನು ಕರೆದು ಬೈಯಿರಿ. ಟೀಚರಿಗೆ ಮಕ್ಕಳೆದುರು ಹೇಳಬೇಡಿ." ಹೋಗಿ ಬಂದದ್ದು ಅವಳ ಕಿವಿಗೆ ಬಿದ್ದೇ ಬೀಳುತ್ತದೆ. ಕಾರವಾರ ಅಷ್ಟು ದೊಡ್ಡ ಊರೇನಲ್ಲ ಅಲ್ವಾ?

ದಾಂಡೇಲಿ ಬ್ರದರ್

ಪ್ರೈಸ್ ದ ಲಾರ್ಡ್ ಸಿಸ್ಟರ್. ನೀವು ಬೇಜಾರು ಮಾಡಿಕೊಳ್ಳಬಾರದು, ನೇರ ಹೇಳುತ್ತೇನೆ. ಇದು ದೇವರ ಸೇವೆ. ಕರೆ ಇದ್ದವರು ಬರುತ್ತಾರೆ, ಇಲ್ಲದವರು ಹೋಗುತ್ತಾರೆ. ಹೊಗಳಿ, ಪುಸಲಾಯಿಸಿ, ಗಿಫ್ಟ್ ಕೊಟ್ಟು ನಿಲ್ಲಿಸಿಕೊಂಡವರು ಗಿಫ್ಟ್ ನಿಂತ ದಿನ ಹೋಗುತ್ತಾರೆ. ನಮ್ಮ ಕಾಲದಲ್ಲಿ ಒಂದು ಥ್ಯಾಂಕ್ಸ್ ಕೂಡ ಯಾರೂ ಹೇಳಲಿಲ್ಲ. ಪೇಪರ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಕ್ಲಾಸ್ ತೆಗೆದುಕೊಂಡಿದ್ದೇವೆ. ಪ್ರಾರ್ಥನೆ ಜಾಸ್ತಿ ಮಾಡಿ.

ಹೊನ್ನಾವರ ಬಾಯಿ

ನಮ್ಮದು ಕ್ಯಾಥೊಲಿಕ್ ಧರ್ಮೋಪದೇಶದ ಕ್ಲಾಸ್, ನಿಮ್ಮ ಪದ್ಧತಿ ಸ್ವಲ್ಪ ಬೇರೆ. ಆದರೆ ತಲೆನೋವು ಒಂದೇ, ಅದಕ್ಕೇ ಬರೆಯುತ್ತಿದ್ದೇನೆ.

ದಾಂಡೇಲಿ ಅಣ್ಣಾ, ರಾತ್ರಿ ಪಾಳಿ ಮುಗಿಸಿ ಕ್ಲಾಸಿಗೆ ಬರುತ್ತಿದ್ದಿರಲ್ಲ, ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳದಿದ್ದದ್ದು ಇವತ್ತಿಗೂ ನೆನಪಿದೆ ನೋಡಿ ನಿಮಗೆ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯ ಬಹುಪಾಲು ಹೆಸರುಗಳೇ. ಫೊಯಿಬೆ, ಪ್ರಿಸ್ಕ, ಅಕ್ವಿಲ, ಇವರು ಇಂಥದ್ದು ಮಾಡಿದರು, ಅವರು ನನಗಾಗಿ ಪ್ರಾಣವನ್ನೇ ಒತ್ತೆ ಇಟ್ಟರು ಅಂತ ಒಬ್ಬೊಬ್ಬರದ್ದೂ. ಸುಮ್ನೆ "ಎಲ್ಲರಿಗೂ ಧನ್ಯವಾದ" ಅಂತ ಬರೆದು ಮುಗಿಸಲಿಲ್ಲ. ಇನ್ನೂ ಒಂದು: 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದಾಗ ಪಾಠ ಹೇಳುವ ಹೆಂಗಸರಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಕೊಡುತ್ತಿದ್ದ. ಬಿಟ್ಟಿ ಸೇವೆ ಆಮೇಲೆ ಬಂದದ್ದು. ನಾನು ಸಂಬಳ ಕೊಡಿ ಅನ್ನುತ್ತಿಲ್ಲ. ಆದರೆ ಕಾಗದ, ಬಣ್ಣ, ಆಟೋ ಖರ್ಚು ಕೂಡ ಟೀಚರ್ ಕೈಯಿಂದಲೇ ಹೋಗುತ್ತಿದ್ದರೆ ಅದನ್ನು ಕಮಿಟಿ ನೋಡಬೇಕು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಭಾನುವಾರ ಬೆಳಿಗ್ಗೆ ಬಸ್ಸೇ ಬಾರದ ಕೇರಿಗೆ ಅದು ಇದ್ದರೇನು ಬಿಟ್ಟರೇನು?

ಟೇಲರಕ್ಕ, ನಿಮ್ಮಲ್ಲಿ ಗಂಡಸರು ಯಾರೂ ಇಲ್ಲವಾ? ನೀವು ಬರೆದದ್ದರಲ್ಲಿ ಗಿಟಾರ್ ಹುಡುಗ ಬಿಟ್ಟರೆ ಎಲ್ಲರೂ ಹೆಂಗಸರೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿಗೆ ಹೋಗುವ ಅಪ್ಪಂದಿರು ಆ ಎರಡು ತಿಂಗಳು ಬಲೆ ಹೆಣೆಯುತ್ತ ಮನೆಯಲ್ಲೇ ಇರುತ್ತಾರೆ. ನಾವು ಅವರನ್ನು ಕರೆದೆವು. ಮೊದಲು ನಾಚಿಕೊಂಡರು. "ಪಾಠ ಬೇಡ, ಬಲೆ ಹೇಗೆ ಹೆಣೆಯುತ್ತಾರೆ ಅಂತ ತೋರಿಸಿ, ಯೇಸುವಿನ ಶಿಷ್ಯನಾದ ಮೀನುಗಾರ ಪೇತ್ರನ ಕಥೆ ನಾವು ಹೇಳುತ್ತೇವೆ" ಅಂದೆವು. ಬಂದ ಅಪ್ಪ ಗಂಟು ಹಾಕುವುದನ್ನು ಅರ್ಧ ಗಂಟೆ ತೋರಿಸಿದ. ಅವನ ಮಗ ಆ ಇಡೀ ಹೊತ್ತು ನೆಟ್ಟಗೆ ಕೂತಿದ್ದ, ಅದುವರೆಗೆ ಒಂದು ದಿನ ಕೂತವನಲ್ಲ.

ಕೊನೆಗೆ ಒಂದು ಖಡಕ್ ಮಾತು. ಎಷ್ಟೇ ಜನ ಕಡಿಮೆ ಇದ್ದರೂ ಒಂದು ಕೋಣೆಯಲ್ಲಿ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಬಾರದು. ಇಬ್ಬರು ಇರಬೇಕು, ಬಾಗಿಲು ತೆರೆದಿರಬೇಕು. ಆಳು ಸಾಲದಿದ್ದರೆ ಎರಡು ಕ್ಲಾಸ್ ಸೇರಿಸಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗೇ ಮುಗಿಸುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ. ಹೊಸ ಟೀಚರಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಹೇಳಿದರೆ ಒಳ್ಳೆಯವರು ಹೆದರುವುದಿಲ್ಲ, ಅವರಿಗೂ ಅದು ರಕ್ಷಣೆಯೇ.

ಟೇಲರಕ್ಕ, ಕಾರವಾರ

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ. ಬಾಯಿ, ಬೋಟಿನ ಅಪ್ಪಂದಿರ ವಿಷಯ ನನಗೆ ಹೊಳೆದೇ ಇರಲಿಲ್ಲ. ಬೈತಕೋಲದ ಆ ಪೋರನ ಅಪ್ಪನನ್ನೇ ಕೇಳುತ್ತೇನೆ.

ಹಿರಿಯರ ಮನೆಗೆ ನಿನ್ನೆ ಸಂಜೆ ಹೋಗಿದ್ದೆ. ಮೊದಲು ಗುರ್ ಅಂದರು. ಆಮೇಲೆ ಅವರೇ, "ನನಗೆ ಕಿವಿ ಸರಿ ಕೇಳುವುದಿಲ್ಲ, ಪಕ್ಕದ ಕೋಣೆಯ ಗದ್ದಲ ಸೇರಿದರೆ ಪ್ರಸಂಗ ಒಂದಕ್ಷರ ತಿಳಿಯುವುದಿಲ್ಲ" ಅಂದರು. ಅವರನ್ನು ಮುಂದಿನ ಬೆಂಚಿಗೆ ಕೂರಿಸಿದರೆ ಅರ್ಧ ಜಗಳ ಮುಗಿಯುತ್ತದೆ ಅನಿಸುತ್ತಿದೆ.

ಇನ್ನೊಂದು ಕೇಳಬೇಕಿತ್ತು. ಮಂಡಿ ನೋವಿನ ಹಳೆ ಮಾಸ್ತರರು ಕೆಲಸ ಬಿಟ್ಟಿದ್ದಾರೆ, ಆದರೆ ಪೂರ್ತಿ ಬಿಟ್ಟಿಲ್ಲ. ಮೆಟ್ಟಿಲ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಂದ ಟೀಚರನ್ನೆಲ್ಲ ಕರೆದು "ಈಗಿನವರಿಗೆ ಬರೀ ಕುಣಿತ, ಬಾಯಿಪಾಠದ ಬೈಬಲ್ ವಚನ ಎಲ್ಲಿ?" ಅಂತಾರೆ. ಹುಡುಗಿಯರು ಹಿಂದಿನ ಗೇಟಿನಿಂದ ಬರಲು ಶುರು ಮಾಡಿದ್ದಾರೆ. ಅವರಿಗೆ ಹೇಗೆ ಹೇಳಲಿ? ನನಗೇ ಅಕ್ಷರ ಕಲಿಸಿದವರು.

ಶಿರಸಿ ಟೀಚರ್

ಹೇಳಬೇಡಿ. ಕೆಲಸ ಕೊಡಿ. ಬಾಯಿಪಾಠ ಕೇಳುವ ಕೆಲಸ ಅವರದ್ದೇ ಇರಲಿ. ಕ್ಲಾಸ್ ಮುಗಿದ ಮೇಲೆ ಮಕ್ಕಳು ಮೆಟ್ಟಿಲು ಇಳಿದು ಅವರ ಕುರ್ಚಿ ಹತ್ತಿರ ವಚನ ಒಪ್ಪಿಸಿ, ಅವರ ಕೈಯಿಂದ ಬಿಸ್ಕೆಟ್ ತೆಗೆದುಕೊಂಡು ಹೋಗಲಿ. ಒಂದು ನೋಟ್‌ಬುಕ್ಕು ಕೊಡಿ, ಟಿಕ್ ಹಾಕಲಿ. ಕೈಯಲ್ಲಿ ಕೆಲಸ ಇದ್ದರೆ ಟೀಚರುಗಳ ಮೇಲೆ ಕಣ್ಣಿಡಲು ಪುರುಸೊತ್ತು ಇರುವುದಿಲ್ಲ. ಮತ್ತೆ ನಿಜ ಹೇಳಬೇಕೆಂದರೆ ಬಾಯಿಪಾಠದ ವಿಷಯದಲ್ಲಿ ನಾನು ಅವರ ಪಕ್ಷ.

ಸೀಬರ್ಡಿನ ಅಕ್ಕಂದಿರಿಗೆ ಕ್ರಾಫ್ಟ್ ಮತ್ತು ಆಕ್ಷನ್ ಸಾಂಗ್ ಕೊಡಿ, ಅದಕ್ಕೆ ಭಾಷೆ ಜಾಸ್ತಿ ಬೇಡ. ಆದರೆ ಪ್ರತಿಯೊಬ್ಬರ ಪಕ್ಕ ಊರಿನ ಒಬ್ಬಳನ್ನು ಈಗಿನಿಂದಲೇ ನಿಲ್ಲಿಸಿ. ವರ್ಗದ ಆರ್ಡರ್ ಬಂದ ಮೇಲೆ ಹುಡುಕಿದರೆ ಯಾರೂ ಸಿಗುವುದಿಲ್ಲ.

ದಾಂಡೇಲಿ ಬ್ರದರ್

ಹೊನ್ನಾವರ ಸಿಸ್ಟರ್ ಹೇಳಿದ ರೋಮಾಪುರದ 16 ಓದಿದೆ. ಇರಲಿ. ಹೆಸರು ಹಿಡಿದು ಹೇಳುವುದು ಸರಿ, ಗಿಫ್ಟ್ ಬೇಡ ಅನ್ನುವುದು ನನ್ನ ಮಾತು, ಅದರಲ್ಲಿ ಬದಲಿಲ್ಲ.

ಭಾಷೆ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ಇಲ್ಲಿ ತೆಲುಗು ಮನೆಮಾತಿನ ಮಕ್ಕಳು ತುಂಬ. ಕಥೆ ಕನ್ನಡದಲ್ಲೇ ಹೇಳುತ್ತೇವೆ, ಆದರೆ ವಾಕ್ಯ ಚಿಕ್ಕದು. ಆಮೇಲೆ ಒಬ್ಬ ಮಗುವನ್ನು ಎಬ್ಬಿಸಿ ಅದೇ ಕಥೆಯನ್ನು ಅದರ ಮನೆ ಭಾಷೆಯಲ್ಲಿ ಹೇಳಿಸುತ್ತೇವೆ. ಟೀಚರಿಗೆ ಆ ಭಾಷೆ ಬಾರದಿದ್ದರೂ ನಡೆಯುತ್ತದೆ. ಮಕ್ಕಳೇ ತಿದ್ದುತ್ತಾರೆ.

ಒಂದು ಪ್ರಶ್ನೆ ನನ್ನದೂ ಇದೆ. ಆಟೋ ಖರ್ಚು ಕಮಿಟಿ ನೋಡಬೇಕು ಅಂದಿರಿ. ಮಕ್ಕಳು ಹಾಕುವ ಸಂಡೇ ಸ್ಕೂಲ್ ಕಾಣಿಕೆಯಿಂದ ಕೊಡಬಹುದಾ?

ಹೊನ್ನಾವರ ಬಾಯಿ

ಮಕ್ಕಳ ಕಾಣಿಕೆ ಮುಟ್ಟಬೇಡಿ ಅಣ್ಣಾ. ನಾಳೆ ಯಾವುದಾದರೂ ಮಗು ಮನೆಗೆ ಹೋಗಿ "ನನ್ನ ಎರಡು ರೂಪಾಯಿಯಲ್ಲಿ ಟೀಚರ್ ಆಟೋದಲ್ಲಿ ಹೋದರು" ಅಂತ ಹೇಳಿದರೆ ನೀವೇ ಉತ್ತರ ಕೊಡಬೇಕು. ವರ್ಷದ ಬಜೆಟ್ ಮಾಡುವಾಗ ಮಕ್ಕಳ ವಿಭಾಗ ಅಂತ ಬೇರೆ ಸಾಲು ಹಾಕಿಸಿ, ಅದರ ಕೆಳಗೆ ಪ್ರಯಾಣ, ಕಾಗದ, ತಿಂಡಿ ಬರೆಯಿರಿ. ಮೊತ್ತ ಚಿಕ್ಕದಿರಲಿ, ರಶೀದಿ ಇರಲಿ. ನಮ್ಮಲ್ಲಿ ಹಾಗೇ ಮಾಡುತ್ತೇವೆ, ಲೆಕ್ಕ ಓದುವ ದಿನ ಯಾರೂ ಕೇಳುವುದಿಲ್ಲ.