ಡಿಸ್ಕ್, ಡ್ರೈವ್, ಪಾರ್ಟಿಷನ್: ಕನ್ನಡದಲ್ಲಿ ಇವನ್ನು ಬೇರೆ ಬೇರೆಯಾಗಿ ಹೇಳುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಉಳಿಸಿಕೊಂಡೇ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನೂ ಹಾಕಿಕೊಳ್ಳುವ ಬಗ್ಗೆ ಪ್ರೌಢಶಾಲಾ ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಇದು ಈಗ ಹಲವರಿಗೆ ಬೇಕಾಗಿದೆ. ಬರವಣಿಗೆ ಬಹುಪಾಲು ಸಲೀಸಾಗಿ ಸಾಗಿದೆ. ಸಿಕ್ಕಿಕೊಂಡಿರುವುದು ಡಿಸ್ಕಿನ ಅಧ್ಯಾಯದಲ್ಲಿ. ಅಲ್ಲಿ ಪದ ತಪ್ಪಿದರೆ ಓದುಗರ ಕಡತಗಳೇ ಹೋಗುತ್ತವೆ.

ಉಬುಂಟು ಸ್ಥಾಪಿಸುವಾಗ ಒಂದು ಪರದೆ ಬರುತ್ತದೆ. ವಿಂಡೋಸ್ ಜೊತೆಯಲ್ಲೇ ಸ್ಥಾಪಿಸಬೇಕೇ, ಇಲ್ಲವೇ ಡಿಸ್ಕನ್ನು ಅಳಿಸಿ ಸ್ಥಾಪಿಸಬೇಕೇ ಎಂದು ಅದು ಕೇಳುತ್ತದೆ. ಎರಡನೆಯದನ್ನು ಆರಿಸಿದರೆ ಆ ಡಿಸ್ಕಿನಲ್ಲಿರುವುದೆಲ್ಲವೂ ಹೋಗುತ್ತದೆ. ಆದರೆ ನಮ್ಮಲ್ಲಿ ಎಲ್ಲರ ಬಾಯಲ್ಲಿರುವುದು ‘ಸಿ ಡ್ರೈವ್’, ‘ಡಿ ಡ್ರೈವ್’. ಒಂದೇ ಡಿಸ್ಕಿನ ಎರಡು ಪಾರ್ಟಿಷನ್‌ಗಳನ್ನು, ಅಂದರೆ ಅದನ್ನು ಒಡೆದು ಮಾಡಿದ ತುಂಡುಗಳನ್ನು, ನಾವು ಎರಡು ಡ್ರೈವ್ ಎಂದೇ ಎಣಿಸುತ್ತೇವೆ. ರಿಪೇರಿ ಅಂಗಡಿಯವರೂ ‘ಸಿ ಮಾತ್ರ ಫಾರ್ಮ್ಯಾಟ್ ಮಾಡುತ್ತೇನೆ, ಡಿಯಲ್ಲಿರುವುದು ಹಾಗೇ ಇರುತ್ತದೆ’ ಎಂದು ಹೇಳಿ ರೂಢಿ ಮಾಡಿಸಿದ್ದಾರೆ. ಅಂಕಪಟ್ಟಿ, ಫೋಟೊಗಳನ್ನೆಲ್ಲ ಡಿಯಲ್ಲಿ ಇಟ್ಟಿರುವ ಶಿಕ್ಷಕರು ‘ಡಿಸ್ಕ್ ಅಳಿಸು’ ಎಂಬುದನ್ನು ಓದಿದರೆ ಸಿ ಒಂದೇ ಹೋಗುತ್ತದೆಂದು ತಿಳಿಯುವುದು ಸಹಜ. ಹಾಗಾಗಿ ಕೈಪಿಡಿಯಲ್ಲಿ ‘ಡ್ರೈವ್’ ಎಂಬ ಪದವನ್ನು ಪೂರ್ತಿ ಬಿಟ್ಟು, ಯಂತ್ರದೊಳಗಿನ ವಸ್ತುವಿಗೆ ‘ಡಿಸ್ಕ್’ ಎಂದಷ್ಟೇ ಬರೆಯಬೇಕೆಂದಿದ್ದೇನೆ.

ಪಾರ್ಟಿಷನ್‌ಗೆ ಏನು ಬರೆಯಬೇಕು? ‘ವಿಭಜನೆ’ ಎಂಬ ಬಳಕೆ ಇದೆ. ಅದು ಕ್ರಿಯೆಯ ಹೆಸರು, ಕ್ರಿಯೆಯಿಂದ ಉಂಟಾದ ತುಂಡಿನ ಹೆಸರಲ್ಲ. ‘ಮೂರನೆಯ ವಿಭಜನೆಯನ್ನು ಅಳಿಸಿ’ ಎಂದರೆ ನಡುವಿನ ಗಡಿಯನ್ನು ಅಳಿಸಿ ಒಂದು ಮಾಡುವುದು, ಒಳಗಿನದು ಕ್ಷೇಮ ಎಂಬ ಅರ್ಥ ಹೊರಡುತ್ತದೆ. ಆಗುವುದು ಅದರ ತದ್ವಿರುದ್ಧ. ‘ವಿಭಾಗ’ ವ್ಯಾಕರಣಕ್ಕೆ ಒಪ್ಪುತ್ತದೆ, ಆದರೆ ಪುಸ್ತಕಕ್ಕೂ ಕಚೇರಿಗೂ ವಿಭಾಗಗಳಿರುವುದರಿಂದ ಓದುಗರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಎಚ್ಚರ ಬೇಕಾದ ಜಾಗದಲ್ಲಿ ಕಣ್ಣು ನಿಲ್ಲಲೇಬೇಕು.

ನನ್ನ ಒಲವು ‘ಹಿಸ್ಸೆ’ಯ ಕಡೆಗೆ. ಪಹಣಿಯಲ್ಲಿ ಸರ್ವೆ ನಂಬರಿನ ಜೊತೆಗೆ ಹಿಸ್ಸಾ ಎಂಬ ಅಂಕಣವೇ ಇದೆ. ಒಂದು ಸರ್ವೆ ನಂಬರು ಪೋಡಿಯಾದಾಗ 42/1, 42/2 ಎಂದು ಹಿಸ್ಸೆಗಳಾಗುತ್ತವೆ. ಅಂದರೆ ಒಡೆಯುವ ಕೆಲಸಕ್ಕೊಂದು, ಒಡೆದು ಬಂದದ್ದಕ್ಕೊಂದು ಪದ ಕನ್ನಡದಲ್ಲಿ ಆಗಲೇ ರೂಢಿಯಲ್ಲಿವೆ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಅಕ್ಷರಗಳಿಲ್ಲ. ಡಿಸ್ಕ್ ‘ಎಸ್‌ಡಿಎ’ ಆದರೆ ಅದರ ಹಿಸ್ಸೆಗಳು ‘ಎಸ್‌ಡಿಎ1’, ‘ಎಸ್‌ಡಿಎ2’. ಪಹಣಿ ನೋಡಿ ಬಲ್ಲವರಿಗೆ ಈ ಹೆಸರಿಡುವ ಕ್ರಮವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹಾಗೆಂದು ‘ಪೋಡಿ ಮಾಡಿ’ ಎಂದೇ ಬರೆಯುವ ಧೈರ್ಯ ನನಗಿಲ್ಲ, ಅದಕ್ಕೆ ‘ಹಿಸ್ಸೆ ಮಾಡಿ’ ಸಾಕೆನಿಸುತ್ತದೆ.

ಒಂದು ಹಿಸ್ಸೆಗೆ ಮಾತ್ರ ವಿಶೇಷ ಹೆಸರು ಬೇಕು. ಯುಇಎಫ್ಐ (ಯಂತ್ರವನ್ನು ಆರಂಭಿಸುವ ಹೊಸ ಬಗೆಯ ಮೂಲ ತಂತ್ರಾಂಶ) ಇರುವ ಯಂತ್ರಗಳಲ್ಲಿ ಇಎಫ್ಐ ಸಿಸ್ಟಮ್ ಪಾರ್ಟಿಷನ್ ಎಂಬ ಚಿಕ್ಕದೊಂದು ಇರುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಅದು ಅಕ್ಷರವಿಲ್ಲದೆ, ಹಲವು ಯಂತ್ರಗಳಲ್ಲಿ 100 ಎಂಬಿಯಷ್ಟೇ ಗಾತ್ರದಲ್ಲಿ ಕಾಣುತ್ತದೆ. ನೋಡಿದವರು ಕೆಲಸಕ್ಕೆ ಬಾರದ ಚೂರು ಎಂದುಕೊಳ್ಳಬಹುದು. ಆದರೆ ವಿಂಡೋಸನ್ನು ಎಬ್ಬಿಸುವ ಬೂಟ್ ಲೋಡರ್, ಉಬುಂಟುವನ್ನು ಎಬ್ಬಿಸುವ ಗ್ರಬ್ ಎರಡೂ ತಮ್ಮ ತಮ್ಮ ಫೋಲ್ಡರಿನಲ್ಲಿ ಇರುವುದು ಅಲ್ಲಿಯೇ. ಅದನ್ನು ತೆಗೆದರೆ ಎರಡೂ ಏಳುವುದಿಲ್ಲ. ‘ಜಂಟಿ ಹಿಸ್ಸೆ’ ಎಂದರೆ ಮುಟ್ಟುವ ಮುನ್ನ ಯಾರಾದರೂ ಯೋಚಿಸುತ್ತಾರೆ.

‘ಡ್ಯುಯಲ್ ಬೂಟ್’ ಅನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ‘ಜೋಡಿ’ ಸೇರಿಸಿದರೆ ಎರಡೂ ಏಕಕಾಲಕ್ಕೆ ಓಡುತ್ತವೆ ಎಂದಾಗುತ್ತದೆ. ಇಲ್ಲಿ ಯಂತ್ರ ಹೊತ್ತಿಸಿದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ, ಇನ್ನೊಂದು ಬೇಕೆಂದರೆ ಮರುಚಾಲನೆ ಮಾಡಬೇಕು.

ಇನ್ನು ಕ್ರಿಯಾಪದಗಳು. ಇಡೀ ಡಿಸ್ಕನ್ನು ಖಾಲಿ ಮಾಡುವುದು, ಒಂದು ಹಿಸ್ಸೆಯನ್ನೇ ಇಲ್ಲವಾಗಿಸುವುದು, ಹಿಸ್ಸೆ ಉಳಿದು ಒಳಗಿನದು ಮಾತ್ರ ಹೋಗುವ ಫಾರ್ಮ್ಯಾಟ್, ಈ ಮೂರಕ್ಕೂ ನಾವು ‘ಅಳಿಸು’ ಎನ್ನುತ್ತಿದ್ದೇವೆ. ಸದ್ಯಕ್ಕೆ ‘ಡಿಸ್ಕನ್ನು ಪೂರ್ತಿ ಬರಿದು ಮಾಡು’, ‘ಹಿಸ್ಸೆಯನ್ನು ತೆಗೆದುಹಾಕು’, ‘ಫಾರ್ಮ್ಯಾಟ್ ಮಾಡು’ ಎಂದು ಬೇರ್ಪಡಿಸಿದ್ದೇನೆ. ವಿಂಡೋಸ್‌ನಿಂದ ಜಾಗ ಬಿಡಿಸಿದಾಗ ಪರದೆಯಲ್ಲಿ ಕಪ್ಪು ಪಟ್ಟಿಯಾಗಿ ಕಾಣುವ ಭಾಗಕ್ಕೆ ‘ಹಂಚಿಕೆಯಾಗದ ಜಾಗ’ ಎಂದಿದ್ದೇನೆ.

ಬಳಗದವರಲ್ಲಿ ಕೇಳುವುದಿಷ್ಟು: ‘ಹಿಸ್ಸೆ’ ನಿಮ್ಮ ಕಡೆ ಆಸ್ತಿ ಜಗಳದ ಮಾತಾಗಿ ಕೇಳಿಸುತ್ತದೆಯೇ, ಬರಿಯ ಪಾಲು ಎಂದೇ? ಪಹಣಿಯ ಪರಿಚಯವಿಲ್ಲದ ನಗರದ ಶಿಕ್ಷಕರಿಗೆ ‘ಪಾಲು’ ಹತ್ತಿರವೇ? ‘ಬರಿದು ಮಾಡು’ ಎಂಬುದರಲ್ಲಿ ಎಲ್ಲವೂ ಹೋಗುತ್ತದೆ ಎಂಬ ಎಚ್ಚರಿಕೆ ಸಾಕಷ್ಟು ಇದೆಯೇ? ತರಬೇತಿ ಕೊಟ್ಟು ಅನುಭವವಿರುವವರು, ಅಲ್ಲಿ ಜನ ತಾವಾಗಿ ಬಳಸಿದ ಪದ ಯಾವುದಿತ್ತೆಂದು ತಿಳಿಸಿದರೆ ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.