ಪದ ಬೇಕು: ಕಾಮಿಕ್ಸಿನ ‘ಇಂಕಿಂಗ್’ಗೆ ‘ತಿದ್ದುವುದು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಮಾಡಿದ 24 ಪುಟದ ಒಂದು ಕಾಮಿಕ್ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಒಳಗಿನದೆಲ್ಲ ಮುಗಿದಿದೆ. ನಾನು ಸಿಕ್ಕಿಹಾಕಿಕೊಂಡಿರುವುದು ಎರಡನೇ ಪುಟದಲ್ಲಿ, ಯಾರ್ಯಾರು ಏನೇನು ಮಾಡಿದರು ಅಂತ ಹೆಸರು ಹಾಕುವ ಜಾಗದಲ್ಲಿ. ಪೆನ್ಸಿಲಿನಲ್ಲಿ ಚಿತ್ರ ಬರೆದವರು ಒಬ್ಬರು, ಆ ಗೆರೆಗಳ ಮೇಲೆ ಶಾಯಿಯಲ್ಲಿ ಎಳೆದು ಇಂಕ್ ಮಾಡಿದವರು ಇನ್ನೊಬ್ಬರು, ಬಣ್ಣಕ್ಕೆ ಇಬ್ಬರು. ‘ಚಿತ್ರಗಳು’ ಅಂತ ಬರೆದು ನಾಲ್ಕು ಹೆಸರನ್ನೂ ಅದರ ಕೆಳಗೆ ಸಾಲಾಗಿ ಹಾಕಿಬಿಟ್ಟಿದ್ದೆ. ಇಂಕ್ ಮಾಡಿದ ಹುಡುಗಿ ಪ್ರೂಫ್ ನೋಡಿ, “ನಾನು ಚಿತ್ರ ಬರೆದಿಲ್ಲವಲ್ಲ ಸರ್, ಬರೆದಿದ್ದು ಅವರು” ಅಂದಳು. “ಹಾಗಾದರೆ ನೀನು ಮಾಡಿದ್ದಕ್ಕೆ ಏನನ್ನಬೇಕು?” ಅಂದೆ. ಅವಳಿಗೂ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಂದು ಮಾತು. ಕಾಮಿಕ್ಸಿಗೆ ‘ಚಿತ್ರಕಥೆ’ ಅನ್ನಿ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ನಮ್ಮ ಕಾರ್ಕಳದ ಅನಂತ ಪೈ 1967ರಲ್ಲಿ ಶುರು ಮಾಡಿದ ‘ಅಮರ ಚಿತ್ರ ಕಥೆ’ಯಿಂದ ಆ ಪದ ಎಲ್ಲರ ಬಾಯಲ್ಲೂ ಇದೆ. ಆದರೆ ‘ಕಥೆ, ಚಿತ್ರಕಥೆ, ಸಂಭಾಷಣೆ’ ಅಂತ ಸಿನಿಮಾದ ಪರದೆ ಮೇಲೆ ಓದಿ ಓದಿ, ಹೆಸರಿನ ಪುಟದಲ್ಲಿ ‘ಚಿತ್ರಕಥೆ: ಇಂಥವರು’ ಅಂದರೆ ಕಥೆ ಬರೆದವರ ಹೆಸರು ಅಂದುಕೊಳ್ಳುತ್ತಾರೆ. ಹಾಗಾಗಿ ಕಾಮಿಕ್ಸ್ ಕಾಮಿಕ್ಸಾಗಿಯೇ ಇರಲಿ. ಪೆನ್ಸಿಲಿಗೂ ಹೊಸ ಪದ ಬೇಡ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮೊದಲ ಗೆರೆ ಹಾಕಲು ಕಾಡಿಗೆ ಮತ್ತು ಅನ್ನ ಸೇರಿಸಿ ಮಾಡುವ ಬತ್ತಿಯನ್ನು ‘ವರ್ತಿಕಾ’ ಅಂದಿದ್ದಾನೆ. ಚೆಂದದ ಪದ. ಆದರೆ ಐದನೇ ಕ್ಲಾಸಿನ ಮಕ್ಕಳು ‘ವರ್ತಿಕಾ ಯಾರು?’ ಅಂತ ಕೇಳುತ್ತಾರೆ.

ಕಷ್ಟ ಇರುವುದು ಇಂಕಿಂಗ್‌ಗೆ. ಅವಳು ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಪೆನ್ಸಿಲಿನವರು ಅಜ್ಜಿಯ ಕೆನ್ನೆಗೆ ನಾಲ್ಕು ಗೆರೆ ಎಳೆದಿದ್ದರು, ಒಂದರ ಪಕ್ಕ ಒಂದು, ಹುಡುಕುತ್ತಾ ಹೋದ ಹಾಗೆ. ಅವಳು ಕುಂಚವನ್ನು ಶಾಯಿಯಲ್ಲಿ ಅದ್ದಿ, ಹಳೇ ಕಾಗದದ ಮೇಲೆ ತುದಿ ಹೊರಳಿಸಿ ಚೂಪು ಮಾಡಿಕೊಂಡಳು. ನಾಲ್ಕರಲ್ಲಿ ಮೂರನೆಯದನ್ನು ಹಿಡಿದಳು. ಕಣ್ಣಿನ ಕೆಳಗೆ ಕೂದಲೆಳೆಯಷ್ಟು ತೆಳ್ಳಗೆ ಶುರುವಾದ ಗೆರೆ ದವಡೆಯ ಹತ್ತಿರ ದಪ್ಪವಾಗಿ, ಗಲ್ಲದಲ್ಲಿ ಮತ್ತೆ ಸಣ್ಣಗಾಯಿತು. ಉಸಿರು ಬಿಟ್ಟಿದ್ದು ಆಮೇಲೆ. ಪೆನ್ಸಿಲಿನಲ್ಲಿ ಅಜ್ಜಿ ಬರೀ ವಯಸ್ಸಾದವಳಾಗಿದ್ದಳು. ಈಗ ಹಲ್ಲಿಲ್ಲ ಅಂತಲೂ ಗೊತ್ತಾಗುತ್ತಿತ್ತು.

ಇದಕ್ಕೆ ‘ಮಸಿ ಹಾಕುವುದು’ ಅನ್ನಲೇ? ‘ಮಸಿ ಬಳಿದವರು’ ಅಂತ ಅಚ್ಚು ಹಾಕಿದರೆ ಅವಳು ನನ್ನ ಮುಖಕ್ಕೇ ಬಳಿದಾಳು. ‘ಶಾಯಿ ಲೇಪನ’ ಅಂದರೆ ಚುನಾವಣೆಯಲ್ಲಿ ಬೆರಳಿಗೆ ಹಚ್ಚುವುದೇ ನೆನಪಾಗುತ್ತದೆ.

ನನಗೆ ತೋಚಿದ್ದು ‘ತಿದ್ದುವುದು’. ಸ್ಲೇಟಿನ ಮೇಲೆ ಮೇಷ್ಟ್ರು ಒಂದು ದೊಡ್ಡ ‘ಅ’ ಬರೆದುಕೊಡುತ್ತಿದ್ದರು, ನಾವು ಅದರ ಮೇಲೇ ಬಳಪ ಆಡಿಸಿ ಅಕ್ಷರ ತಿದ್ದುತ್ತಿದ್ದೆವು. ಇರುವ ಗೆರೆಯ ಮೇಲೆ ಇನ್ನೊಂದು ಕೈ ಹೋಗುವುದಕ್ಕೆ ನಮ್ಮಲ್ಲಿ ಪದ ಇದ್ದೇ ಇದೆ, ಅಲ್ವಾ? ತಪ್ಪನ್ನು ಸರಿ ಮಾಡುವುದೂ ತಿದ್ದುವುದೇ. ಇಂಕಿಂಗ್‌ನಲ್ಲಿ ಎರಡೂ ಇದೆ. ಜೊತೆಗೆ ‘ತೀಡು’ ಇದೆ. ಹುಬ್ಬು ತೀಡುತ್ತೇವೆ, ಕಾಡಿಗೆ ತೀಡುತ್ತೇವೆ. ಅಲ್ಲೂ ಕಪ್ಪೇ, ಅಲ್ಲೂ ತೆಳ್ಳಗೆ ಹೋಗಿ ದಪ್ಪವಾಗುವ ಗೆರೆಯೇ. ‘ತಿದ್ದಿ ತೀಡಿದ’ ಅಂತ ಜೋಡಿಯಾಗಿ ಹೇಳುವ ರೂಢಿ ಬೇರೆ ಇದೆ.

ಪೆನ್ಸಿಲಿನವರಿಗೆ ಇದು ಹಿಡಿಸಲಿಲ್ಲ. “ನನ್ನ ಚಿತ್ರವನ್ನು ಅವಳು ತಿದ್ದಿದಳು ಅಂದರೆ ನಾನು ತಪ್ಪು ಬರೆದೆ ಅಂತ ತಾನೇ?” ಅಂತ ಕೇಳಿದರು. ಅವರ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ. ಇನ್ನೊಂದು ಕಡೆ, ಇಂಕಿಂಗ್ ಅಂದರೆ ಸುಮ್ನೆ ಗೆರೆ ಮೇಲೆ ಗೆರೆ ಎಳೆಯುವುದು ಅನ್ನುವವರೂ ಇದ್ದಾರೆ. ಅಂಥವರಿಗೆ ನಾನು ಅಮೆರಿಕದ ಕಾಮಿಕ್ಸ್ ‘ಹಲ್ಕ್’ ತೋರಿಸುತ್ತೇನೆ. 1962ರಲ್ಲಿ ಬಂದ ಮೊದಲ ಸಂಚಿಕೆಗೆ ಪೆನ್ಸಿಲ್ ಜ್ಯಾಕ್ ಕರ್ಬಿಯದು, ಇಂಕ್ ಪಾಲ್ ರೈನ್‌ಮನ್‌ದು. ಎರಡನೆಯದಕ್ಕೂ ಪೆನ್ಸಿಲ್ ಕರ್ಬಿಯದೇ, ಇಂಕ್ ಮಾತ್ರ ಸ್ಟೀವ್ ಡಿಟ್ಕೊ. ಎರಡನ್ನೂ ಪಕ್ಕಪಕ್ಕ ಇಟ್ಟು ಮುಖ ನೋಡಿ. ಪೆನ್ಸಿಲ್ ಹಿಡಿದ ಕೈ ಒಂದೇ ಅಂತ ನಂಬುವುದು ಕಷ್ಟ.

ಅದೇ ಹಲ್ಕ್ ಬಣ್ಣದ ವಿಷಯಕ್ಕೂ ಬರುತ್ತಾನೆ. ಮೊದಲ ಸಂಚಿಕೆಯಲ್ಲಿ ಅವನು ಹಸಿರಲ್ಲ, ಬೂದು. ಆಗ ಕಲರಿಸ್ಟ್ ಬಣ್ಣ ಹಾಕುತ್ತಿದ್ದುದು ಒಂದು ನಕಲಿನ ಮೇಲೆ, ಬರೀ ಮಾದರಿಗೆ. ಅದನ್ನು ನೋಡಿಕೊಂಡು ಅಚ್ಚಿನ ಪ್ಲೇಟ್ ಮಾಡುವವರು ಬೇರೆ. ಅಚ್ಚಾಗಿ ಬಂದಾಗ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಇತ್ತು. ಎರಡನೇ ಸಂಚಿಕೆಗೆ ಹಸಿರು ಮಾಡಿದರು, ಅದೇ ನಿಂತುಬಿಟ್ಟಿತು. ನಮ್ಮ ಪ್ರೆಸ್ಸಿನವರು ಇದನ್ನು ಎರಡೇ ಮಾತಲ್ಲಿ ಹೇಳುತ್ತಾರೆ: “ಬಣ್ಣ ಕೂರಲಿಲ್ಲ.”

ನಮ್ಮಲ್ಲಿ ಬಣ್ಣಕ್ಕೆ ಕ್ರಿಯಾಪದ ಕಡಿಮೆ ಇಲ್ಲ, ಜಾಸ್ತಿಯೇ ಇವೆ. ಗೋಡೆಗೆ ಬಳಿಯುತ್ತೇವೆ. ಹೋಳಿಯಲ್ಲಿ ಎರಚುತ್ತೇವೆ. ‘ಬಣ್ಣ ಹಚ್ಚಿದವರು’ ಅಂದರೆ ನಾಟಕದವರು. ಮೂವತ್ತು ವರ್ಷದಿಂದ ಬಣ್ಣ ಹಚ್ಚುತ್ತಿದ್ದಾರೆ ಅಂದರೆ ಮೂವತ್ತು ವರ್ಷ ಪಾತ್ರ ಮಾಡಿದ್ದಾರೆ ಅಂತ. ಇವುಗಳನ್ನು ಬಿಟ್ಟು ‘ವರ್ಣ ಸಂಯೋಜನೆ’ಗೆ ಯಾಕೆ ಓಡಬೇಕು?

ನಮ್ಮ ಪುಸ್ತಕಕ್ಕೆ ಬಣ್ಣದ ಕೆಲಸ ಎರಡು ಹಂತದಲ್ಲಿ ಆಯಿತು. ಮೊದಲಿನವರು ‘ಫ್ಲ್ಯಾಟ್ಸ್’ ಮಾಡಿದರು. ಗೆರೆಯೊಳಗಿನ ಒಂದೊಂದು ಭಾಗಕ್ಕೂ ನೆರಳಿಲ್ಲದ, ಬೆಳಕಿಲ್ಲದ ಒಂದೊಂದು ಬಣ್ಣ, ಅಷ್ಟೇ. ಮುಂದೆ ಬೇಕಾದ ಭಾಗವನ್ನು ಕಂಪ್ಯೂಟರಿನಲ್ಲಿ ಒಂದೇ ಕ್ಲಿಕ್ಕಿಗೆ ಆರಿಸಿಕೊಳ್ಳಲಿಕ್ಕೆ ಅದು. ಯಾವ ಬಣ್ಣವಾದರೂ ನಡೆಯುತ್ತದೆ. ನಾನು ನೋಡಿದಾಗ ಅಜ್ಜಿಯ ಮುಖ ಗಿಳಿಹಸಿರು, ಆಕಾಶ ಕುಂಕುಮದ ಬಣ್ಣ. ಒಂದು ಕ್ಷಣ ಗಾಬರಿಯಾಯಿತು. ಈ ಕೆಲಸಕ್ಕೆ ರಂಗೋಲಿಯ ‘ಬಣ್ಣ ತುಂಬು’ ಸರಿಯಾಗಿ ಕೂರುತ್ತದೆ. ಎಳೆ ಮೊದಲು, ತುಂಬುವುದು ಆಮೇಲೆ, ಎಳೆ ದಾಟುವ ಹಾಗಿಲ್ಲ.

ಎರಡನೆಯವರು ಅದರ ಮೇಲೆ ಸಂಜೆ ತಂದರು. ಅಜ್ಜಿಯ ಒಂದು ಕೆನ್ನೆಗೆ ಒಲೆಯ ಕೆಂಪು, ಇನ್ನೊಂದಕ್ಕೆ ಹಿತ್ತಲ ಬಾಗಿಲಿನ ನೀಲಿ. ಇದನ್ನು ‘ಬಣ್ಣ ಕಟ್ಟುವುದು’ ಅನ್ನೋಣ ಅಂತ ನನ್ನ ಆಸೆ. ಬಣ್ಣ ಕಟ್ಟಿ ಹೇಳಿದ ಅಂದರೆ ಇಲ್ಲದ್ದನ್ನು ಸೇರಿಸಿ ಹೇಳಿದ ಅಂತ ಬೈಗುಳದ ಅರ್ಥ ಬರುತ್ತದೆ, ಹೌದು. ಆದರೆ ಅವರು ಮಾಡಿದ್ದೂ ಅದನ್ನೇ. ಕಥೆಯಲ್ಲಿ ಸಂಜೆ ಅಂತ ಎಲ್ಲೂ ಇರಲಿಲ್ಲ.

ಪ್ಯಾನೆಲ್ಲಿಗೆ, ಅಂದರೆ ಪುಟದಲ್ಲಿ ಒಂದೊಂದು ಚಿತ್ರ ಇರುವ ಚೌಕಕ್ಕೆ, ಹುಡುಗರು ತಾವಾಗಿಯೇ ‘ಮನೆ’ ಅನ್ನುತ್ತಿದ್ದಾರೆ, ಕುಂಟೆಬಿಲ್ಲೆಯ ಮನೆಯ ಹಾಗೆ. ಹಾಗಾಗಿ ಮನೆ ಮನೆಯ ನಡುವಿನ ಖಾಲಿ ಜಾಗ, ಇಂಗ್ಲಿಷಿನವರ ‘ಗಟರ್’, ನಮಗೆ ‘ಸಂದಿ’ಯಾಯಿತು. ಚರಂಡಿ ಅನ್ನುವುದು ತಪ್ಪಿತು.

ಈಗ ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಕಡೆ ಸ್ಲೇಟಿನ ಮೇಲೆ ಮಕ್ಕಳು ಅಕ್ಷರ ‘ತಿದ್ದು’ತ್ತಾರಾ, ‘ತೀಡು’ತ್ತಾರಾ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ. ‘ತೀಡು’ ಅಂದರೆ ಎಲ್ಲರಿಗೂ ಗೆರೆ ನೆನಪಾಗುವುದಾದರೆ, ಪೆನ್ಸಿಲಿನವರ ಮನಸ್ಸೂ ನೋಯದ ಹಾಗೆ ‘ಗೆರೆ ತೀಡಿದವರು’ ಅಂತ ಹಾಕಿಬಿಡುತ್ತೇನೆ. ಗಾಳಿ ತೀಡುವುದೇ ಮೊದಲು ನೆನಪಾಗುತ್ತದೆ ಅನ್ನುವುದಾದರೆ ಅದನ್ನೂ ಬರೆಯಿರಿ. ಪುಟ ಶುಕ್ರವಾರ ಸಂಜೆ ಪ್ರೆಸ್ಸಿಗೆ ಕೊಡಬೇಕು.